ಹಾವುಮಂಡೆ ಪತಂಗದ ಹಾಳೆ

18-10-1958, ಕುಂದಾಪುರ
ಎಂಟನೇ ಕ್ಲಾಸಿಗೆ ಹೂಜಿಯ ಚಿತ್ರ ಬರೆಸಿದೆ. ಒಂಬತ್ತಕ್ಕೂ ಹೂಜಿ. ಡ್ರಾಯಿಂಗ್ ಮಾಸ್ಟರ ಹಣೆಬರಹವೇ ಹೂಜಿ.

ಮಳೆ ಬಿಟ್ಟಿತಲ್ಲ, ಅಟೆಂಡರ್ ಕಿಟ್ಟ ಲೈಬ್ರರಿ ಪುಸ್ತಕಗಳನ್ನು ಜಗಲಿಯಲ್ಲಿ ಒಣಹಾಕಿದ್ದ. ಚಿಟ್ಟೆ–ಪತಂಗದ ಪುಸ್ತಕ ಮಾತ್ರ ನೆರಳಲ್ಲಿ, ಬೇರೆ ಚಾಪೆಯ ಮೇಲೆ. ನೂರು ವರ್ಷ ಹಳೆಯದು, ಲಂಡನ್ನಿನಲ್ಲಿ ಅಚ್ಚಾದದ್ದು. ಯಾರೋ ಫಾರೆಸ್ಟ್ ದೊರೆ ಶಾಲೆಗೆ ಬಿಟ್ಟುಹೋದದ್ದಂತೆ. ಒಂದೊಂದು ಚಿತ್ರಕ್ಕೂ ಕೈಯಿಂದಲೇ ಬಣ್ಣ ತುಂಬಿದ್ದಾರೆ. ತೆರೆಯಲು ಹೋದೆ.

"ಹ್ವಾಯ್ ಮಾಷ್ಟ್ರೆ, ಕೈ ತೊಳ್ಕಂಡ್ ಬನ್ನಿ. ತಲಿ ಮುಟ್ಟಿದ್ ಕೈ. ಹಾಳಿಗ್ ಎಣ್ಣಿ ತಾಗಿರೆ ಮತ್ ಹೋತಿಲ್ಲೆ."

ಅಟೆಂಡರನ ಮಾತು ಕೇಳಿ ಕೈ ತೊಳೆದೆ! ಹತ್ತೊಂಬತ್ತನೇ ಚಿತ್ರ ತೋರಿಸಿದ. ಎರಡು ಅಂಗೈಯಗಲದ ಕೆಂಗಂದು ಪತಂಗ, ರೆಕ್ಕೆಯ ತುದಿಯಲ್ಲಿ ಹಾವಿನ ಮಂಡೆ. ಕೊಲ್ಲೂರಿನ ಕಾಡಿನಲ್ಲಿ ಕಂಡಿದ್ದನಂತೆ. ಕಿಟ್ಟನಿಗೆ ಅಕ್ಷರ ಬಾರದು, ನಲವತ್ತು ಚಿತ್ರವೂ ಸಾಲಾಗಿ ಬಾಯಿಪಾಠ.

7-11-1958
ಸ್ಕೂಲ್‌ಡೇ ಪರದೆಗೆ ಅದೇ ಪತಂಗ ಬೇಕಂತೆ ಹೆಡ್‌ಮಾಸ್ಟರಿಗೆ. ಟ್ರೇಸಿಂಗ್ ಪೇಪರ್ ಉಡುಪಿಯಿಂದ ಬರಬೇಕು. ಯಾರು ಕಾಯುತ್ತಾರೆ? ನಮ್ಮ ಹಳೇ ಉಪಾಯ ಉಂಟಲ್ಲ... ತೆಳು ಕಾಗದಕ್ಕೆ ತೆಂಗಿನೆಣ್ಣೆ ಸವರಿದರೆ ಗಾಜಿನ ಹಾಗೆ. ಕಿಟ್ಟನಿಂದ ಬೀರುವಿನ ಬೀಗದಕೈ ಇಸಕೊಂಡೆ, ಅವನು ಊಟಕ್ಕೆ ಹೋದಾಗ ಚಿತ್ರದ ಮೇಲೆ ಹಾಳೆಯಿಟ್ಟು ಎಡರೆಕ್ಕೆಯ ಗೆರೆ ಎಳೆದೆ. ಅಷ್ಟರಲ್ಲಿ ಬ್ರಹ್ಮಾವರದ ಬಸ್ಸಿನ ಹಾರ್ನ್. ದೀಪಾವಳಿಗೆ ಮನೆಗೆ ಹೋಗುವ ಗಡಿಬಿಡಿ. ಪುಸ್ತಕ ಮುಚ್ಚಿ ಬೀರುವಿನಲ್ಲಿಟ್ಟು ಓಡಿದೆ, ಬೀಗದಕೈ ಜೇಬಿನಲ್ಲೇ ಉಳಿಯಿತು.

17-11-1958, ಬೆಳಿಗ್ಗೆ 9
ಎಣ್ಣೆಹಾಳೆ ಪುಸ್ತಕದ ಒಳಗೇ ಇತ್ತು. ಹತ್ತು ದಿನ!

ಪತಂಗ ಪೂರ್ತಿ ಎಣ್ಣೆ ಕುಡಿದಿದೆ. ಬೆಳಕಿಗೆ ಹಿಡಿದರೆ ಆಚೆಗಿರುವ ನನ್ನ ಬೆರಳು ಕಾಣುತ್ತದೆ. ಹೇಳಿಬಿಡಬಹುದಿತ್ತು. ಕಿಟ್ಟ ಬೈಯುತ್ತಿದ್ದ, ಹೆಡ್‌ಮಾಸ್ಟರು ಮುಖ ಗಂಟಿಕ್ಕುತ್ತಿದ್ದರು, ಅಷ್ಟೆ.

ಚಿತ್ರದ ಹಾಳೆಯನ್ನು ಬ್ಲೇಡಿನಿಂದ ಬುಡಕ್ಕೇ ಕೊಯ್ದೆ. ಈಗ ನನ್ನ ಟ್ರಂಕಿನಲ್ಲಿದೆ. ಬೀಗದಕೈ ಕಿಟ್ಟನಿಗೆ ಮರಳಿಸಿದೆ.

25-11-1958
ಕಿಟ್ಟನೇ ಕಂಡುಹಿಡಿದ. ಹೆಡ್‌ಮಾಸ್ಟರಲ್ಲಿಗೆ ಓಡಿದವನೂ ಅವನೇ. "ಹತ್ತೊಂಬತ್ ಕಾಂತಿಲ್ಲೆ ಸಾರ್! ಯಾರೋ ಕೊಯ್ದಿರ್!" ಕಣ್ಣಲ್ಲಿ ನೀರು. ನಾನೂ ಅಲ್ಲೇ ಇದ್ದೆ.

"ಬೀಗದಕೈ ಇಪ್ಪುದ್ ನಿನ್ ಹತ್ರೆ ಅಲ್ದಾ?"

"ಮಾಷ್ಟ್ರ್ ಒಂದಿನ ತಕಂಡಿದ್ರ್. ಆರೆ ಅವ್ರ್ ಹಾಂಗೆಲ್ಲ ಮಾಡುವರಲ್ಲ."

ಇಬ್ಬರೂ ನನ್ನತ್ತ ನೋಡಿದರು. "ನಾನು ನೋಡುವಾಗ ಚಿತ್ರ ಇತ್ತು," ಎಂದೆ. ಸುಳ್ಳಲ್ಲ. ಅದೇ ಹೇಸಿಗೆ.

1-12-1958
ಕಿಟ್ಟನನ್ನು ಕೆಲಸದಿಂದ ತೆಗೆದರು. ಹನ್ನೊಂದು ವರ್ಷದ ಕೆಲಸ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು. ಕೋತಿ ಇಲ್ಲಿ ಕೂತು ಡೈರಿ ಬರೆಯುತ್ತಿದೆ.

14-2-1959
ಮುಗಿಯಿತು. ಕಾಗದವನ್ನು ಚಹಾದ ನೀರಲ್ಲಿ ಅದ್ದಿ ಹಳತು ಮಾಡಿ, ಎರಡು ತಿಂಗಳು ಕೂತು, ಆ ಪತಂಗವನ್ನು ಕೂದಲೆಳೆಯಷ್ಟೂ ಬಿಡದೆ ಬರೆದೆ. ಇವತ್ತು ಬೀರು ತೆರೆದಿದ್ದ ಹೊತ್ತು ನೋಡಿ, ಗೋಂದು ಹಚ್ಚಿ ಅದರ ಜಾಗದಲ್ಲಿ ಕೂರಿಸಿದೆ. ಚಿತ್ರ ಇದೆ ಎಂದಮೇಲೆ ಕಳವೂ ಇಲ್ಲ. ಹೆಡ್‌ಮಾಸ್ಟರು ಕಿಟ್ಟನನ್ನು ಮತ್ತೆ ಕರೆಸಲೇಬೇಕು.

20-2-1959
ಹೆಡ್‌ಮಾಸ್ಟರು ಪುಸ್ತಕ ಹಿಡಿದು ಸ್ಟಾಫ್‌ರೂಮಿಗೇ ಬಂದರು. "ಕಂಡ್ರ್ಯಾ? ಕಿಟ್ಟ ಹೆದ್ರಿ ತಂದಿಟ್ಟಿದ! ಕದ್ದದ್ದ್ ಅಂವನೇ ಅಂದೇಳಿ ಈಗ ಖಾತ್ರಿ ಆಯ್ತಲೆ."

ಎಲ್ಲರೂ ನಕ್ಕರು. ಚಿತ್ರ ಕೈಯಿಂದ ಕೈಗೆ ಹೋಯಿತು. ನಕಲೆಂದು ಒಬ್ಬರಿಗೂ ತಿಳಿಯಲಿಲ್ಲ... ಒಂದು ಕ್ಷಣ ಹೆಮ್ಮೆಯಾಯಿತು. ಥೂ, ನನ್ನ ಜನ್ಮಕ್ಕೆ.

1-3-1959, ಭಾನುವಾರ ಸಂಜೆ
ಕಿಟ್ಟನ ಹೆಂಡತಿ ಬಂದಿದ್ದಾಳೆ, ಬಾಗಿ ಎಂದು ಹೆಸರು. ಕಿಟ್ಟ ಬೊಂಬಾಯಿಗೆ ಹೋಗಿ ತಿಂಗಳಾಯಿತಂತೆ. ನನಗೆ ಗೊತ್ತೇ ಇರಲಿಲ್ಲ.

"ಹೋಟ್ಲಿನ ಧಣಿಗೆ ಕಳ್ತನದ ಸುದ್ದಿ ಮುಟ್ಟಿತ್ತಂಬ್ರ್. ಒಳ್ಳೆವ ಅಂದೇಳಿ ಶಾಲಿಯರ್ ಯಾರಾರೂ ಬರ್ದ್ ಕೊಡ್ಕಂಬ್ರ್, ಇಲ್ದಿರೆ ಕೆಲ್ಸ ಇಲ್ಲೆ. ಇವ್ರ್ ಕಾಗ್ದ ಬರ್ಸಿರ್ — ಡ್ರಾಯಿಂಗ್ ಮಾಷ್ಟ್ರ ಹತ್ರೆ ಹೋಗ್, ನಾ ಕದಿಲ್ಲೆ ಅಂದೇಳಿ ಅವ್ರಿಗ್ ಗೊತ್ತಿತ್ತ್, ಅಂದೇಳಿ."

ನನಗೆ ಗೊತ್ತಂತೆ. ಕಿಟ್ಟನಿಗೆ ಎಷ್ಟು ಗೊತ್ತು? ಕೇಳುವ ಬಾಯಿ ನನಗಿಲ್ಲ. "ಕೂತಿರು, ಬರೆದು ಕೊಡುತ್ತೇನೆ" ಎಂದು ಒಳಗೆ ಬಂದೆ.

ಮೂರು ಹಾಳೆ ಹರಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ನಕಲು ಮಾಡಿದರಾಯಿತು.

ಹೊರಗೆ ನೀರಿನ ಸದ್ದು. ಅವಳು ಹಂಡೆಯ ಹತ್ತಿರ ಕೈ ತೊಳೆಯುತ್ತಿದ್ದಾಳೆ. ಈಗ ಒದ್ದೆ ಕೈಗಳನ್ನು ಮುಂದೆ ಚಾಚಿ ಆರಿಸುತ್ತ ಮೆಟ್ಟಿಲ ಮೇಲೆ ಕೂತಿದ್ದಾಳೆ. "ಕಾಗ್ದ ಮುಟ್ಟುಕೆ ಮುಂಚೆ ತೊಳಿಕ್ ಅಂದೇಳಿ ಇವ್ರ್ ಕಲ್ಸದ್ದ್," ಎಂದಳು.

ಬರೆಯಬೇಕು.

"ಕಿಟ್ಟ ಎಂಬವರು ನಮ್ಮ ಶಾಲೆಯಲ್ಲಿ ಹನ್ನೊಂದು ವರ್ಷ ಪ್ರಾಮಾಣಿಕವಾಗಿ ದುಡಿದಿದ್ದಾರೆ. ಪುಸ್ತಕದ ಹಾಳೆಯನ್ನು ಅವರು ಕದ್ದಿಲ್ಲ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ, ಏಕೆಂದರೆ ಆ ಹಾಳೆಯನ್ನು