ಹೆಲ್ಮೆಟ್ ತೆಗೆಯುವ ಮುನ್ನ

ಭಾನುವಾರ, ಮಾರ್ಚ್ ೯

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಕೆಲಸ ಸಿಕ್ಕಿತಲ್ಲ ಎಂದು ಹಿಗ್ಗಬೇಕಿತ್ತು. ಆದರೆ ಅಪ್ಪ ಇದ್ದ ತಂಡಕ್ಕೇ ಹೋಗಿ ಸೇರಿದ್ದೀಯ. ಸಾಲದ್ದಕ್ಕೆ "ಅಪ್ಪನ ಹಾಗೆ ಅವಸರ ಮಾಡಿ ಸಾಯಲ್ಲಮ್ಮ, ಹೆದರಬೇಡ" ಎಂದು ಬೇರೆ ಬರೆದಿದ್ದೀಯ. ಆ ಸಾಲಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗುರುವಾರ ನಿಮ್ಮ ಆ ಪುಟ್ಟ ಬಾಹ್ಯಾಕಾಶ ವಿಮಾನ, ಒಂದೂವರೆ ವರ್ಷ ಭೂಮಿಯನ್ನು ಸುತ್ತಿ, ಒಳಗೆ ನರಪಿಳ್ಳೆಯೂ ಇಲ್ಲದೆ ತಾನೇ ಬಂದು ರನ್‌ವೇ ಮೇಲೆ ಇಳಿಯುತ್ತದೆ. ಪರೀಕ್ಷೆಗೆ ಕಳಿಸಿದ ಉಪಕರಣಗಳನ್ನು ಬಿಚ್ಚಿಕೊಂಡು, ಮೈಮೇಲೆ ಶಾಖ ತಡೆಯಲು ಹೊದಿಸಿದ ಹೆಂಚುಗಳಲ್ಲಿ ಸುಟ್ಟವನ್ನು ಬದಲಿಸಿ ಮತ್ತೆ ಹಾರಿಸುತ್ತಾರೆ. ಅದಕ್ಕೆ ಸಾವಿಲ್ಲ. ಸಾಯುವುದೇನಿದ್ದರೂ ಅದರಲ್ಲಿ ಉಳಿದ ಇಂಧನದ ವಿಷದ ಆವಿ ಕುಡಿದವರು.

ಅದು ಇಳಿದೊಡನೆ ಅಪ್ಪ ವಿಷ ತಡೆಯುವ ಸೂಟು, ಹೆಲ್ಮೆಟ್ ತೊಟ್ಟು ಹತ್ತಿರ ಹೋಗುತ್ತಿದ್ದರು. ನಾನು ದೂರದ ವ್ಯಾನಿನಲ್ಲಿ ಕೂತು, ಗಾಳಿಯಲ್ಲಿ ಆ ಆವಿ ಇದೆಯೇ ಎಂದು ತೋರಿಸುವ ಮೀಟರ್ ನೋಡುತ್ತಿದ್ದೆ. ಆ ಹಾಳು ಮೀಟರ್ ನಮ್ಮ ಟ್ರಕ್ಕಿನ ಹೊಗೆಗೂ ಕಿರುಚುತ್ತಿತ್ತು. ಮೊದಲ ಸಲ ಕಿರುಚಿದರೆ ಬಾಯಿ ಮುಚ್ಚಿಸು, ಎರಡನೆಯ ಸಲ ನಂಬು ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲದ ನಮ್ಮ ವ್ಯಾನಿನ ಪದ್ಧತಿ. ಅಪ್ಪನಿಗೆ ಹಾಗಾದ ದಿನ ಅದು ಎರಡು ಸಲ ಕಿರುಚಿತು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಎರಡು ಸಲವೂ ಗುಂಡಿ ಒತ್ತಿ ಸುಮ್ಮನಾಗಿಸಿದೆ. ಗಾಳಿ ಸರಿಯಿದೆ, ಹೆಲ್ಮೆಟ್ ತೆಗೆಯಬಹುದು ಎಂದು ರೇಡಿಯೋದಲ್ಲಿ ಹೇಳಿದವಳು ನಾನೇ ಕಣೇ. ಅವರು ತೆಗೆದರು.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ಗಂಟಲಲ್ಲಿ ಕೊಳವೆ ಇತ್ತು, ಯಾರಿಗೂ ಏನೂ ಹೇಳಲಾಗದೆ ಹೋದರು. ಆ ರೇಡಿಯೋ ಚಾನೆಲ್‌ನಲ್ಲಿ ಇದ್ದವರು ನಾವಿಬ್ಬರೇ, ನನ್ನ ಮಾತು ಬೇರೆ ಯಾರೂ ಕೇಳಿರಲಿಲ್ಲ. ಅಪ್ಪಣೆಯಿಲ್ಲದೆ ತಾವಾಗಿಯೇ ಹೆಲ್ಮೆಟ್ ತೆಗೆದಿದ್ದಾರೆ ಎಂದು ವಿಚಾರಣೆಯವರು ಬರೆದರು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ನಿನಗೆ ತಾಯಿಯಾದರೂ ಉಳಿಯಲಿ ಎಂದುಕೊಂಡೆ. ಅದೆಲ್ಲ ನೆಪ, ನಾನು ಹೆದರಿದ್ದೆ. ಆರು ವರ್ಷ ನೀನು ಅವರನ್ನು ಬೈಯುವಾಗಲೆಲ್ಲ ನಿಜ ಮುಚ್ಚಿಟ್ಟೆ.

ಗುರುವಾರ ಕೈಯಲ್ಲಿ ಹಿಡಿಯುವ ಮೀಟರ್ ಕೇಳಿ ತೆಗೆದುಕೋ. ಅಪ್ಪನಿಗೆ ಕೊಟ್ಟಿರಲಿಲ್ಲ. ವ್ಯಾನಿನಲ್ಲಿ ಎಂಥ ಒಳ್ಳೆಯವರೇ ಕೂತಿರಲಿ, ನಿನ್ನ ಕಣ್ಣಾರೆ ನೋಡದೆ ಹೆಲ್ಮೆಟ್ ಮುಟ್ಟಬೇಡ. ಈ ಕಾಗದದ ಪ್ರತಿಯನ್ನು ನಿನ್ನ ಮೇಲಧಿಕಾರಿಗೂ ಕಳಿಸಿದ್ದೇನೆ. ಇನ್ನು ಅವರುಂಟು, ನಾನುಂಟು.

ಕ್ಷಮೆ ಕೇಳಲು ಮುಖವಿಲ್ಲದ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಮೇಲಧಿಕಾರಿಯ ಪ್ರತಿಯಲ್ಲೂ ಇದಿಲ್ಲ. ತೆಗೆಯುವ ಮೊದಲು ಅಪ್ಪ, "ಇನ್ನೊಂದ್ಸಲ ನೋಡ್ತೀಯೇನೇ?" ಎಂದು ಕೇಳಿದ್ದರು. "ನೋಡಿದೆ ಕಣ್ರೀ, ತೆಗೀರಿ" ಎಂದೆ. ನಾನು ನೋಡಿರಲಿಲ್ಲ.