ಆರು ಪೆಟ್ಟಿಗೆಗಳ ಸೀಲು ಒಡೆದ ಬಗ್ಗೆ

ದೊಡ್ಡ ಸಿಸ್ಟರ್ ಅವರಿಗೆ ನಮಸ್ಕಾರ.

ನೀವು ಆಪರೇಷನ್ ಕೋಣೆಯಲ್ಲಿದ್ದೀರಿ, ನಾನು ಒಳಗೆ ಬರುವಂತಿಲ್ಲ. ಅದಕ್ಕೇ ಇದನ್ನು ಬರೆದು ಆಯಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಇವತ್ತಿನ ಆಪರೇಷನ್‌ಗಳಿಗೆ ಸಿದ್ಧವಾಗಿದ್ದ ಆರೂ ಸಲಕರಣೆ ಪೆಟ್ಟಿಗೆಗಳ ಸೀಲನ್ನು ನಿಮ್ಮನ್ನು ಕೇಳದೆ ಒಡೆದಿದ್ದೇನೆ.

ರಕ್ತ ಹೀರುವ ಕೊಳವೆಯೊಳಗೆ ಬ್ರಷ್ ಆಡಿಸುವಾಗ ನಾನು ದೇವರ ನಾಮ ಹೇಳಿಕೊಳ್ಳುವುದು ನಿಮಗೆ ಗೊತ್ತು. ಒಂದು ನಾಮಕ್ಕೆ ಒಂದು ಸಲ, ಇಪ್ಪತ್ತೊಂದಾದರೆ ಕೊಳವೆ ಚೊಕ್ಕಟ. ನಿನ್ನೆ ಬಟ್ಟೆ ಒಗೆಯುವವಳು ಬಂದು, "ಏನಕ್ಕಾ, ದೇವರಿಗೂ ಸೋಪು ಹಾಕ್ತಿದೀಯಾ?" ಎಂದು ರೇಗಿಸಿದಳು. ನಗು ತಡೆದುಕೊಂಡು ಅವಳನ್ನೇ ನೋಡುತ್ತ ನಿಂತೆ. ಬಾಯಿ ನಾಮ ಹೇಳುತ್ತಲೇ ಇತ್ತು, ಕೈ ನಿಂತುಹೋಗಿತ್ತು. ಇಪ್ಪತ್ತೊಂದು ಮುಗಿಯಿತೆಂದು ಕೊಳವೆಯನ್ನು ಪೆಟ್ಟಿಗೆಗೆ ಹಾಕಿಬಿಟ್ಟೆ. ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಇದು ಹೊಳೆಯಿತು.

ಯಾವ ಪೆಟ್ಟಿಗೆಯೋ ನೆನಪಿಲ್ಲ. ಮೇಲೆ ಅಂಟಿಸಿದ ಗುರುತಿನ ಪಟ್ಟಿ ಆರರಲ್ಲೂ ಕಪ್ಪಾಗಿದೆ. ಹಬೆ ತಾಗಿತೆಂದು ಅದು ಹೇಳುತ್ತದೆ, ಕೊಳವೆಯೊಳಗೆ ರಕ್ತ ಅಂಟಿದೆಯೇ ಎಂಬುದನ್ನು ಹೇಳುವುದಿಲ್ಲ.

ಎಲ್ಲವನ್ನೂ ನೆನೆಹಾಕಿದ್ದೇನೆ. ತೊಳೆದು, ಹಬೆಯಲ್ಲಿಟ್ಟು, ಆರಿಸಿ ಕೊಡಲು ಮೂರು ಗಂಟೆ ಬೇಕು. ಹತ್ತಕ್ಕಿದ್ದ ಮಗುವಿನ ಆಪರೇಷನ್ನನ್ನು ಒಂದಕ್ಕೆ ಮಾಡಿಸಿ. ಈ ಸಲ ನಾಮ ಬಿಟ್ಟು ಒಂದು, ಎರಡು ಎಂದೇ ಎಣಿಸುತ್ತೇನೆ. ದೇವರು ಬೇಜಾರು ಮಾಡಿಕೊಳ್ಳಲಾರ.

ಮಗುವಿನ ತಾಯಿ ಹೊರಗೆ ಕೂತಿದ್ದಾಳೆ. "ರಾತ್ರಿಯಿಂದ ನೀರೂ ಕೊಟ್ಟಿಲ್ಲಮ್ಮ, ಯಾವಾಗ ಕರೀತಾರೆ?" ಎಂದು ಎರಡು ಸಲ ಕೇಳಿದಳು. ತಡ ಯಾಕೆಂದು ಅವಳಿಗೆ ನಾನೇ ಹೇಳುತ್ತೇನೆ. ಡಾಕ್ಟರಿಗೆ ಮಾತ್ರ ನೀವು ಹೇಳಿ, ಅವರ ಮುಂದೆ ನನಗೆ ಬಾಯಿ ಬರುವುದಿಲ್ಲ. ನನ್ನನ್ನು ಕೆಲಸದಿಂದ ತೆಗೆಯುವುದಾದರೆ ತೆಗೆಯಲಿ, ಆರನೇ ಪೆಟ್ಟಿಗೆ ಮುಗಿಯುವ ತನಕ ಬಿಡಿಸಬೇಡಿ.

ಇಂತಿ,
ತೊಳೆಯುವ ಕೋಣೆಯ ಅಕ್ಕ