ಹೊಂಗೆ ಮರದ ಕೆಳಗಿನ ಹನ್ನೆರಡನೇ ಚುಕ್ಕಿ

ಹುಣಸೂರು, ಮೇ 32, 2191

ಪ್ರೀತಿಯ ಶರ್ಮಿಳಾ ಮುತ್ತಜ್ಜಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಮೇ ತಿಂಗಳಿಗೆ ಒಂದು ದಿನ ಹೆಚ್ಚಿಗೆ ಕೊಟ್ಟಿದ್ದಾರೆ. ಅಂದು ಯಾರೂ ಕೆಲಸಕ್ಕೆ ಹೋಗುವಂತಿಲ್ಲ, ಬರೆಯದೆ ಉಳಿದ ಪತ್ರಗಳನ್ನು ಬರೆಯಬೇಕು. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಮೇಲಾಗಿ ನಮ್ಮಿಬ್ಬರ ನಡುವೆ ನೂರ ಅರವತ್ತೈದು ವರ್ಷ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇನ್ನೂ ಮೂವತ್ತರ ಆಸುಪಾಸಿನಲ್ಲಿರುವ ನಿಮ್ಮನ್ನು ಮುತ್ತಜ್ಜಿ ಎಂದದ್ದಕ್ಕೂ ಕ್ಷಮಿಸಿ. ನಾನು ಮೇದಿನಿ, ನಿಮ್ಮ ಮನೆಯ ಹೊಸ ಸೊಸೆ. ಮದುವೆಯಾಗಿ ಒಂಬತ್ತು ದಿನ. ನಿಮ್ಮ ವಂಶದ ಚಿನ್ಮಯ ಎಷ್ಟು ಒಳ್ಳೆಯವನೆಂದು ಬರೆಯಹೊರಟರೆ ಕಾಗದ ಸಾಲದು, ಆದ್ದರಿಂದ ಅಂಗಳದ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಮನೆಯ ಹೊರಗೆ ಬಲ್ಬುಗಳಿಲ್ಲ, ಹೊಳೆಪುಡಿ ಇದೆ. ಹಗಲೆಲ್ಲ ಬಿಸಿಲು ಕುಡಿದು ಮುಸ್ಸಂಜೆಗೆ ಮೆಲ್ಲಗೆ ಬೆಳಗುವ ರಂಗೋಲಿ ಪುಡಿ ಅದು. ಬೆಳಿಗ್ಗೆ ಇಟ್ಟ ಚುಕ್ಕಿಗಳೇ ಸಂಜೆಯ ದೀಪಗಳು. ಬೀದಿಯ ಉಳಿದ ಮನೆಗಳ ಚುಕ್ಕಿಗಳು ಅಳತೆ ಹಿಡಿದಂತಿವೆ. ನಮ್ಮದು ಮಾತ್ರ ಸೊಟ್ಟ. ಗೇಟಿಗೆ ಎರಡು, ಮೆಟ್ಟಿಲಿಗೆ ಮೂರು, ಕಾಲುದಾರಿಯ ಒಂದೇ ಬದಿಗೆ ನಾಲ್ಕು, ತುಳಸಿಕಟ್ಟೆಗೆ ಒಂದು, ನೀರಿನ ಸಂಪಿನ ಹತ್ತಿರ ಒಂದು. ಯಾಕೆ ಹೀಗೆ ಎಂದು ಯಾರಿಗೂ ಗೊತ್ತಿಲ್ಲ. ಅತ್ತೆ ಒಮ್ಮೆ ತೋರಿಸುತ್ತಾರೆ, ಆಮೇಲೆ ಹೊಸ ಸೊಸೆ ಒಬ್ಬಳೇ ಇಡಬೇಕು.

ಹೊಂಗೆ ಮರದ ಬುಡ ಖಾಲಿ ಕಂಡಿತು. ಪಾಪ, ಮರೆತಿದ್ದಾರೆ ಎಂದುಕೊಂಡು ಅಲ್ಲೊಂದು ಹನ್ನೆರಡನೇ ಚುಕ್ಕಿಯನ್ನು ಧಾರಾಳವಾಗಿ ಇಟ್ಟೆ. ಸಂಜೆ ಅದು ಚೆನ್ನಾಗಿ ಬೆಳಗಿತು. ಮನೆಯವರೆಲ್ಲ ಜಗಲಿಯಲ್ಲಿ ಕುಳಿತು ಮರವನ್ನೇ ನೋಡುತ್ತಿದ್ದರು, ಏನೂ ಆಗಲಿಲ್ಲ. ಕೊನೆಗೆ ಚಿನ್ಮಯನ ಅಜ್ಜಿ, ಎಂಬತ್ತೆಂಟರ ಲಾಸ್ಯಜ್ಜಿ, “ಚುಕ್ಕಿ ಚೆನ್ನಾಗೈತೆ ಕಣಮ್ಮ. ಆದ್ರೆ ನೆಂಟರು ಬಾಗಿಲಲ್ಲೇ ನಿಂತವ್ರೆ” ಎಂದು ಎದ್ದು ಹೋಗಿ, ಅದರ ಮೇಲೆ ಒಂದು ತೆಂಗಿನ ಚಿಪ್ಪು ಕವುಚಿ ಬಂದರು.

ಮೊದಲು ಒಂದು ಮಿಣುಕುಹುಳ ಬಂತು. ಆಮೇಲೆ ಹತ್ತು. ಆಮೇಲೆ ಇಡೀ ಮರ ಒಟ್ಟಿಗೆ ಉಸಿರಾಡತೊಡಗಿತು, ಬೆಳಗುವುದು, ಆರುವುದು, ಮತ್ತೆ ಬೆಳಗುವುದು. ಮುತ್ತಜ್ಜಿ, ನನಗೆ ಅಳು ಬಂತು. ಈ ಸುತ್ತಮುತ್ತ ಅವು ಉಳಿದಿರುವುದು ಈ ಒಂದೇ ಮರದಲ್ಲಿ, ಅದರ ಬುಡದ ಕತ್ತಲೆಯಿಂದಾಗಿ. ಮದುವೆಯಾದ ಮೇಲೆ ನಾನು ಮಾತು ನಿಲ್ಲಿಸಿದ್ದು ಅದೇ ಮೊದಲು ಎನ್ನುತ್ತಾನೆ ಚಿನ್ಮಯ.

ನಿನ್ನೆ ಅಟ್ಟದ ಸ್ಟೀಲ್ ಡಬ್ಬಿಯಲ್ಲಿ ನಿಮ್ಮ ಗ್ರಾಫ್ ಹಾಳೆ ಸಿಕ್ಕಿತು. ಮೇಲೆ ‘ಮನೆ ಮುಂದಿನ ಲೈಟಿಂಗ್’ ಎಂದಿದೆ. ಶಾಯಿಯಲ್ಲಿ ಹನ್ನೊಂದು ಚುಕ್ಕಿ, ನಮ್ಮ ಅದೇ ಸೊಟ್ಟ ರಂಗೋಲಿ! ಗೇಟಿನ ಪಕ್ಕ, ‘ಬೆಳಕು ನೆಲಕ್ಕೆ ಬೀಳಲಿ, ಎದುರು ಮನೆಯವರ ಕಿಟಕಿಗೆ ಬೇಡ.’ ಕಾಲುದಾರಿಯ ಪಕ್ಕ, ‘ಒಂದು ಬದಿ ಸಾಕು, ಅತ್ತೆ ಗೋಡೆ ಹಿಡಿದೇ ನಡೆಯುತ್ತಾರೆ.’ ನಾವು ಇಷ್ಟು ವರ್ಷ ಪ್ರತಿ ಬೆಳಿಗ್ಗೆ ಬಗ್ಗಿ ಇಡುತ್ತಿದ್ದುದು ನಿಮ್ಮ ಅತ್ತೆಯ ಹೆಜ್ಜೆಗಳಿಗೆ ನೀವು ಯೋಚಿಸಿದ ಬೆಳಕು.

ಹನ್ನೆರಡನೆಯದು ಮಾತ್ರ ಪೆನ್ಸಿಲಿನಲ್ಲಿದೆ, ಹೊಂಗೆಯ ಕೆಳಗೆ. ‘ಮರಕ್ಕೆ ಕೆಳಗಿನಿಂದ ದೊಡ್ಡ ಲೈಟ್? ಭಾನುವಾರ ಎಲೆಕ್ಟ್ರಿಷಿಯನ್‌ಗೆ ಹೇಳುವುದು.’

ನೀವು ಬೇಡವೆಂದಿರಿ ಎಂದು ನಮ್ಮ ಅಂಗಳವೇ ಹೇಳುತ್ತದೆ. ಆದರೂ ಈ ಪತ್ರ ನಿಮ್ಮ ಕೈ ಸೇರುವಾಗ ಆ ಭಾನುವಾರ ಇನ್ನೂ ಬಂದಿರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲೆಕ್ಟ್ರಿಷಿಯನ್ ಬಂದು “ಮರಕ್ಕೂ ಒಂದು ಹಾಕ್ಬಿಡೋಣ ಮೇಡಂ, ಲುಕ್ಕೇ ಬೇರೆ” ಎಂದರೆ ಕಾಫಿ ಕೊಟ್ಟು ಕಳಿಸಿ. ಆ ಸಂಜೆ ಎಲ್ಲ ದೀಪ ಆರಿಸಿ ಸ್ವಲ್ಪ ಹೊತ್ತು ಮರದ ಎದುರು ಕುಳಿತುಕೊಳ್ಳಿ. ನಿಮಗೆ ಎರಡೋ ಮೂರೋ ಮಿಣುಕುಹುಳ ಕಂಡಾವು. ಅಷ್ಟು ಸಾಕು, ಉಳಿದವನ್ನು ನಾನು ಇಲ್ಲಿ ನೋಡುತ್ತಿದ್ದೇನೆ.

ಇನ್ನು ನಿಲ್ಲಿಸುತ್ತೇನೆ. ಕತ್ತಲಾಗುತ್ತಿದೆ, ಮೊದಲನೆಯದು ಬಂತು.

ನಿಮ್ಮ ಮನೆಯ,
ಮೇದಿನಿ